ಲೇಸರ್ ಬಿಟ್ರ ಸುಡಬೇಕಲ್ಲ, ತಣ್ಣಗ ಹೆಂಗ ಆಗತೈತಿ?

ರಾಯಚೂರು ಕಡೆ ಬಂದಾಗೆಲ್ಲ, ಮದುವಿ ಇರಲಿ ಜಾತ್ರಿ ಇರಲಿ, ನಾನು ಬೆಂಗಳೂರಾಗ ಏನ್ ರಿಸರ್ಚ್ ಮಾಡಾಕತ್ತೀನಿ ಅಂತ ಗೊತ್ತಾದ ಕೂಡ್ಲೆ ಮಂದಿ ಕೇಳೋದು ಇದನ್ನೇ. ಮೇ ತಿಂಗಳ ಬಿಸಿಲಾಗ ಕುಂತು ಮೈನಸ್ 273 ಡಿಗ್ರಿ (ಅದಕ್ಕಿಂತ ತಂಪು ಇರಾಕ ಸಾಧ್ಯನೇ ಇಲ್ಲ) ಹತ್ರ ಹೋಗ್ತೀವಿ ಅಂದ್ರ ಯಾರಿಗಾದ್ರೂ ನಗು ಬರ್ತದ ಬಿಡ್ರಿ. ಮೊದಲು "ಫ್ರಿಜ್ ಎಷ್ಟು ದೊಡ್ಡದೈತಿ?" ಅಂತಾರ, ಫ್ರಿಜ್ ಇಲ್ಲ ಲೇಸರ್ ಬಿಟ್ಟು ತಣ್ಣಗ ಮಾಡ್ತೀವಿ ಅಂದ್ರ "ಲೇಸರ್‌ನಾಗ ಕಬ್ಬಿಣ ಕೊಯ್ತಾರಲ್ಲೋ, ಸುಡಬೇಕಲ್ಲ!" ಅಂತಾರ. ಪ್ರಶ್ನೆ ಸರಿನೇ ಐತಿ. ಪ್ರತಿ ಸಲ ಅರ್ಧ ಹೇಳೋದ್ರಾಗ ಊಟಕ್ಕ ಕರೀತಾರ, ಅದಕ್ಕ ಇಲ್ಲಿ ಪೂರ್ತಿ ಬರೀತೀನಿ.

ನಮ್ಮ ಲ್ಯಾಬಿನಾಗ ತಣ್ಣಗಿರೋದು ರುಬಿಡಿಯಮ್ ಅನ್ನೋ ಲೋಹದ ಒಂದಿಷ್ಟು ಆಟಮ್ (ಪರಮಾಣು) ಅಷ್ಟೇ, ಅವನ್ನ ಹಿಡಿದಿಟ್ಟ ಡಬ್ಬಿ ಮುಟ್ಟಿದ್ರ ಕೈಗೆ ಏನೂ ತಂಪು ಹತ್ತಂಗಿಲ್ಲ. ಎಸಿ ಇರೋದು ಲೇಸರ್ ಸಲುವಾಗಿ. ಬಿಸಿ ತಂಪು ಅಂದ್ರ ಆಟಮ್ ಎಷ್ಟು ಜೋರು ಓಡ್ಯಾಡತಾವ ಅನ್ನೋದರ ಲೆಕ್ಕ. ಕೋಣಿ ಬಿಸಿಗೆ ರುಬಿಡಿಯಮ್ ಆಟಮ್ ಸೆಕೆಂಡಿಗೆ ಸುಮಾರು 300 ಮೀಟರ್ ಓಡತೈತಿ, ಅದನ್ನ ನಿಲ್ಲಿಸಿದ್ರ ತಣ್ಣಗಾತು ಅಂತನೇ ಅರ್ಥ. ಎದುರಿಂದ ಬಂದ ಒಂದು ಫೋಟಾನ್, ಅಂದ್ರ ಬೆಳಕಿನ ಕಣ, ನುಂಗಿದ್ರ ವೇಗ ಸೆಕೆಂಡಿಗೆ ಬರೇ 6 ಮಿಲಿಮೀಟರ್ ಕಡಿಮಿ ಆಗತೈತಿ, ಏನೂ ಅಲ್ಲ ಅನ್ನಿಸಬಹುದು, ಆದ್ರ ಈ ಆಟಮ್ ಸೆಕೆಂಡಿಗೆ ಕೋಟಿ ಸಲ ನುಂಗಬಲ್ಲದು, ನಿಲ್ಲಾಕ 50 ಸಾವಿರ ಸಲ ನುಂಗಿದ್ರ ಸಾಕು, ಅಂದ್ರ ಕಣ್ಣು ಮಿಟುಕಿಸೋದ್ರೊಳಗ ಮುಗೀತು.

ಸುಡಂಗಿಲ್ಲ ಯಾಕಂದ್ರ, ಕಬ್ಬಿಣ ಬೆಳಕನ್ನ ನುಂಗಿ ತನ್ನೊಳಗೇ ಇಟ್ಕೊಂತದ, ಈ ಆಟಮ್ ನುಂಗಿದ ಪ್ರತಿ ಫೋಟಾನನ್ನೂ ವಾಪಸ್ ಉಗುಳತೈತಿ, ಅದೂ ಸರಾಸರಿ ನೋಡಿದ್ರ ನುಂಗಿದ್ದಕ್ಕಿಂತ ಒಂದು ಚೂರು ಹೆಚ್ಚು ಶಕ್ತಿ ಹಚ್ಚಿ. ಆ ಹೆಚ್ಚಿನ ಚೂರು ಆಟಮ್‌ನ ಓಟದಿಂದಾನೇ ಬಂದದ್ದು. ಬಿಸಿ ಬೆಳಕಿನ ಜೊತಿ ಹೊರಗ ಹೊಂಟೋತು.

ಬೆನ್ನ ಹಿಂದಿನಿಂದ ಬಿದ್ದ ಬೆಳಕು ಇನ್ನೂ ಜೋರು ಓಡಿಸಂಗಿಲ್ಲೇನು ಅಂತ ಶಾಣ್ಯಾ ಹುಡುಗರು ಕೇಳ್ತಾರ. ಆಟಮ್ ತನಗ ಒಪ್ಪೋ ಒಂದು ಫ್ರೀಕ್ವೆನ್ಸಿಯ ಬೆಳಕನ್ನಷ್ಟೇ ನುಂಗತೈತಿ, ಅದಕ್ಕ ಲೇಸರ್ ಫ್ರೀಕ್ವೆನ್ಸಿನ ಅದಕ್ಕಿಂತ ಸ್ವಲ್ಪ ಕೆಳಗ ಇಡೋದು. ಬೆಳಕಿನ ಕಡೆ ಓಡಿ ಬರೋ ಆಟಮ್‌ಗೆ ಅದು ಏರಿದಂಗ ಕಾಣ್ತದ, ಹಂಗಾಗಿ ನುಂಗತೈತಿ. ದೂರ ಓಡೋದಕ್ಕ ಇಳಿದಂಗ ಕಾಣ್ತದ, ಬಿಟ್ಟುಬಿಡ್ತದ. ಇದು ಡಾಪ್ಲರ್ ಎಫೆಕ್ಟ್. ಆರೂ ದಿಕ್ಕಿನಿಂದ ಬೆಳಕು ಬಿಟ್ರ ಆಟಮ್ ಯಾವ ಕಡೆ ಓಡಿದ್ರೂ ಎದುರಿಗೇ ಪೆಟ್ಟು. ಕೇಳಾಕ ಸಲೀಸು, ಆದ್ರ 780 ನ್ಯಾನೋಮೀಟರ್ ಅಲೆಯುದ್ದದ ಆ ಲೇಸರ್‌ನ ಫ್ರೀಕ್ವೆನ್ಸಿ ಒಂದಿಷ್ಟೂ ಅಲುಗಾಡಬಾರದು, ಯಾರಾದ್ರೂ ಬಾಗಿಲು ಜೋರು ಬಡಿದ್ರ ಅದನ್ನ ಹಿಡಿದಿಡೋ ಲಾಕ್ ಹೋತು, ಮತ್ತ ಮೊದಲಿಂದ.

ಇನ್ನೊಂದು ನನಗ ಭಾಳ ಮಜಾ ಅನ್ಸೋದು: ಇಷ್ಟು ತಂಪು ಬೇಕಂದ್ರ ಒಳಗ ಗಾಳಿ ಇರಬಾರದು, ಗಾಳಿ ತೆಗಿಬೇಕಂದ್ರ ಉಕ್ಕಿನ ಡಬ್ಬಿನ 150–200 ಡಿಗ್ರಿಗೆ ದಿನಗಟ್ಲೆ ಕಾಯಿಸಬೇಕು, ಗೋಡಿಗೆ ಹತ್ತಿದ ನೀರಿನ ಆವಿ ಬಿಡಾಕ. ರಾಯಚೂರು ಬಿಸಿಲು ಅದರ ಮುಂದ ಏನಲ್ಲ.

ಲೆಕ್ಕದ ಪ್ರಕಾರ ಸೋಡಿಯಂ ಆಟಮ್ ಈ ದಾರ್ಯಾಗ 240 ಮೈಕ್ರೋಕೆಲ್ವಿನ್‌ಗಿಂತ (ಒಂದು ಮೈಕ್ರೋಕೆಲ್ವಿನ್ ಅಂದ್ರ ಆ ಮೈನಸ್ 273ರ ಕಡೀ ಮಿತಿಗಿಂತ ಡಿಗ್ರಿಯ ಹತ್ತು ಲಕ್ಷದಾಗ ಒಂದು ಪಾಲು ಮ್ಯಾಲ) ಕೆಳಗ ಇಳಿಬಾರದಿತ್ತು, 1988ರಾಗ ಅಮೆರಿಕದ ವಿಲಿಯಂ ಫಿಲಿಪ್ಸ್ ಗುಂಪು ಅಳದ್ರ 40ರ ಆಸುಪಾಸು ಬಂತು. ಪ್ರಯೋಗ ಲೆಕ್ಕಕ್ಕಿಂತ ಚಲೋ ಬರೋದು ನಮ್ಮ ಲ್ಯಾಬಿನಾಗ ನಾ ಇನ್ನೂ ನೋಡಿಲ್ಲ. ಈ ಲೇಸರ್ ತಂಪಿನ ಕೆಲಸಕ್ಕ ಚು, ಕೊಹೆನ್-ತಾನೂಜಿ, ಫಿಲಿಪ್ಸ್ ಅನ್ನೋ ಮೂವರು ವಿಜ್ಞಾನಿಗಳಿಗೂ 1997ರಾಗ ನೊಬೆಲ್ ಬಂತು. ಅದಕ್ಕೂ ಭಾಳ ಕೆಳಗ ಹೋಗಾಕ ಸಾಮಾನ್ಯವಾಗಿ ಬರೇ ಲೇಸರ್ ಸಾಲಂಗಿಲ್ಲ, ಮಣ್ಣಿನ ಗಡಿಗಿ ನೀರು ತಂಪಾಗೋ ದಾರಿನೇ ಹಿಡೀಬೇಕು: ಜೋರು ಓಡೋವನ್ನ ಹಾರಾಕ ಬಿಟ್ಟು ಉಳಿದವನ್ನ ತಣ್ಣಗಾಗಾಕ ಬಿಡೋದು. ಹಂಗ ಮಾಡಿ 1995ರಾಗ ಕೊಲರಾಡೊದ ಕಾರ್ನೆಲ್, ವೀಮನ್ 170 ನ್ಯಾನೋಕೆಲ್ವಿನ್ (ಮೈಕ್ರೋಕೆಲ್ವಿನ್‌ನ ಸಾವಿರದಾಗ ಒಂದು ಪಾಲು ಒಂದು ನ್ಯಾನೋಕೆಲ್ವಿನ್) ಮುಟ್ಟಿದ್ರು, ಸಾವಿರಾರು ಆಟಮ್ ಎಲ್ಲಾ ಕೂಡಿ ಒಂದೇ ಅಲೆ ಇದ್ದಂಗ ಆದ್ವು. ಢಾಕಾದಾಗ ಮೇಷ್ಟ್ರಾಗಿದ್ದ ಸತ್ಯೇಂದ್ರನಾಥ ಬೋಸ್ 1924ರಾಗ ಐನ್‌ಸ್ಟೈನ್‌ಗೆ ಕಳಿಸಿದ ಲೆಕ್ಕದಿಂದ ಶುರುವಾದ ಮಾತು ಅದು.

"ಇದರಿಂದ ನಮಗೇನು?" ಅಂತ ಕೇಳಿದವ್ರಲ್ಲಿ ಹಟ್ಟಿ ಚಿನ್ನದ ಗಣಿಯಾಗ ಕೆಲಸ ಮಾಡಿದ ನಮ್ಮ ಮಾವನೂ ಒಬ್ರು. ಕ್ವಾಂಟಮ್ ಕಂಪ್ಯೂಟರ್ ಅಂತ ದೊಡ್ಡ ಮಾತು ಹೇಳಾಕ ನನಗ ಮನಸಿಲ್ಲ, ಗ್ರಾವಿಮೀಟರ್ ಬಗ್ಗೆ ಹೇಳಿದೆ. ತಣ್ಣನ ಆಟಮ್ ಚದುರದೇ ಬೀಳತಾವ, ಅವು ಬೀಳೋದನ್ನ ಲೇಸರ್‌ನಿಂದ ಅಳದ್ರ ಆ ಜಾಗದ ಗುರುತ್ವ ಎಷ್ಟು ಅಂತ ಸಿಗತೈತಿ, ನೆಲದ ಕೆಳಗ ಪೊಳ್ಳು ಇದ್ರ ಕಡಿಮಿ ತೋರಸ್ತದ. 2022ರಾಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಯೂನಿವರ್ಸಿಟಿಯವರು ಹಿಂಗೇ ಒಂದು ಮೀಟರ್ ಕೆಳಗಿದ್ದ ಸುರಂಗ ಹುಡುಕಿದ್ರು. "ಹಂಗಾದ್ರ ಚಿನ್ನ ಎಲ್ಲೈತಿ ಹೇಳ್ತದೇನೋ?" ಅಂದ್ರು ಮಾವ. ಇಲ್ಲ ಮಾವ, ಒಂದು ಟನ್ ಕಲ್ಲಿನಾಗ ನಾಕಾರು ಗ್ರಾಂ ಚಿನ್ನ ಇದ್ರ ಅದರ ಭಾರ ಯಾವ ಮೀಟರ್‌ಗೂ ಕಾಣಂಗಿಲ್ಲ. ಸಂಡೂರಿನ ಕಬ್ಬಿಣದ ಅದಿರು ಆದ್ರ ಸುತ್ತಲ ಕಲ್ಲಿಗಿಂತ ಹೆಚ್ಚು ಭಾರ, ಅದನ್ನ ಹಿಡಿಬಹುದು.

"ಅದನ್ನ ಹುಡುಕಾಕ ಮಷಿನ್ ಯಾಕಬೇಕೋ, ಗುಡ್ಡನೇ ಕೆಂಪಗ ಕಾಣ್ತಾವ" ಅಂದ್ರು.