ಡಿ-ಡೈಮರ್ ರಿಪೋರ್ಟ್ ಕೈಗೆ ಬಂದಾಗ

ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಜ್ವರ ಬಂತೆಂದರೆ ಎಲ್ಲರೂ ಮೊದಲು ಕೇಳುವುದು ಪ್ಲೇಟ್‌ಲೆಟ್ ಎಷ್ಟಿದೆ ಎಂದು. ಡೆಂಗಿ, ಮಲೇರಿಯಾ, ಇಲಿಜ್ವರ ಮೂರರಲ್ಲೂ ಅದು ಇಳಿಯಬಹುದು, ಡೆಂಗಿಯಲ್ಲಂತೂ ರಕ್ತಸ್ರಾವದ ಭಯವೇ ದೊಡ್ಡದು. ಕೊರೊನಾದಲ್ಲಿ ಭಯ ಇದಕ್ಕೆ ತದ್ವಿರುದ್ಧ, ರಕ್ತ ನಾಳದೊಳಗೇ ಹೆಪ್ಪುಗಟ್ಟುವುದು. ಡಿ-ಡೈಮರ್ ಎಂಬ ರಕ್ತದ ಟೆಸ್ಟ್ ಮಾಡಿಸುವುದು ಈ ಹೆಪ್ಪಿನ ಸುಳಿವಿಗಾಗಿ. ಆದರೆ ಜ್ವರ, ಮೈಕೈ ನೋವು, ಸುಸ್ತು ನೋಡಿ ಮೊದಲ ಎರಡು ಮೂರು ದಿನ ಯಾವುದು ಯಾವುದೆಂದು ಹೇಳಲು ಬರುವುದಿಲ್ಲ. ಎರಡೂ ಒಟ್ಟಿಗೆ ಬರುವುದೂ ಉಂಟು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಕೊರೊನಾ ಪಾಸಿಟಿವ್ ಬಂತೆಂದು ಮೆಡಿಕಲ್‌ಗೆ ಹೋಗಿ ಆಸ್ಪಿರಿನ್ ತಂದು ನುಂಗಬೇಡಿ. ಒಳಗೆ ಡೆಂಗಿ ಇದ್ದರೆ ಅದು ನೇರವಾಗಿ ಅಪಾಯ. ಕೊರೊನಾ ಮಾತ್ರ ಇದ್ದರೂ ದೊಡ್ಡ ಲಾಭವಿಲ್ಲ. ಬ್ರಿಟನ್ನಿನ ರಿಕವರಿ ಅಧ್ಯಯನದಲ್ಲಿ ಆಸ್ಪತ್ರೆಯಲ್ಲಿದ್ದವರಿಗೆ ದಿನಕ್ಕೆ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟು ನೋಡಿದರು. ಸಾವು ಕಡಿಮೆಯಾಗಲಿಲ್ಲ, ರಕ್ತಸ್ರಾವ ಸ್ವಲ್ಪ ಹೆಚ್ಚಾಯಿತು. ಹೃದಯಕ್ಕೆಂದು ಮೊದಲಿನಿಂದಲೂ ಆಸ್ಪಿರಿನ್ ತಿನ್ನುತ್ತಿರುವವರ ಮಾತು ಬೇರೆ. ಅವರು ತಾವಾಗಿ ನಿಲ್ಲಿಸಬಾರದು, ಜ್ವರ ಬಂದ ಕೂಡಲೇ ಡಾಕ್ಟರಿಗೆ ತಿಳಿಸಬೇಕು.

ಹೆಪ್ಪು ಯಾಕೆ ಕಟ್ಟುತ್ತದೆ? ಉರಿಯೂತವೂ ಹೆಪ್ಪುಗಟ್ಟುವಿಕೆಯೂ ಎರಡು ಬೇರೆ ಕಾಯಿಲೆಗಳಲ್ಲ, ಒಂದು ಇನ್ನೊಂದನ್ನು ಎಳೆದು ತರುತ್ತದೆ. ವೈರಸ್ ಎಸಿಇ-2 ಎಂಬ ಗ್ರಾಹಕವನ್ನು (ಜೀವಕೋಶದ ಮೇಲಿನ ರಿಸೆಪ್ಟರ್) ಹಿಡಿದು ಶ್ವಾಸಕೋಶದ ಜೀವಕೋಶದೊಳಗೆ ನುಗ್ಗುತ್ತದೆ. ದೇಹ ಅದಕ್ಕೆ ಇಂಟರ್‌ಲ್ಯೂಕಿನ್-6ರಂಥ ರಾಸಾಯನಿಕಗಳನ್ನು ಹೊರಬಿಟ್ಟು ಉತ್ತರ ಕೊಡುತ್ತದೆ. ಈ ಉತ್ತರ ಹದ ಮೀರಿದರೆ ರಕ್ತನಾಳದ ಒಳಪದರ ಹಾಳಾಗುತ್ತದೆ. ಆರೋಗ್ಯವಂತರಲ್ಲಿ ಆ ಪದರ ರಕ್ತವನ್ನು ಅಂಟದಂತೆ ನೋಡಿಕೊಳ್ಳುತ್ತದೆ. ಕೆಟ್ಟ ಮೇಲೆ ಅಲ್ಲಿಂದಲೇ ವಾನ್ ವಿಲ್ಲಿಬ್ರ್ಯಾಂಡ್ ಫ್ಯಾಕ್ಟರ್ ಎಂಬ ಅಂಟಿನಂಥ ಪ್ರೋಟೀನ್ ಸುರಿದು ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳತೊಡಗುತ್ತವೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ತಮ್ಮ ಡಿಎನ್‌ಎ ಎಳೆಗಳನ್ನೇ ಬಲೆಯಂತೆ ಹೊರಗೆ ಚೆಲ್ಲುತ್ತವೆ, ಅದರಲ್ಲೂ ಹೆಪ್ಪು ಸಿಕ್ಕಿಕೊಳ್ಳುತ್ತದೆ. ಇತ್ತ ಲಿವರ್ ಅದೇ ಇಂಟರ್‌ಲ್ಯೂಕಿನ್-6ರ ಕರೆಗೆ, ಉರಿಯೂತ ಎಷ್ಟಿದೆ ಎಂದು ತೋರಿಸುವ ಸಿಆರ್‌ಪಿಯನ್ನೂ ಫೈಬ್ರಿನೋಜನ್ ಅನ್ನೂ ಹೆಚ್ಚು ತಯಾರಿಸುತ್ತದೆ. ಫೈಬ್ರಿನೋಜನ್ ಎಂದರೆ ಹೆಪ್ಪಿನ ಕಚ್ಚಾ ಸಾಮಗ್ರಿ. ಹೀಗಾಗಿ ಕಾಲಿನಲ್ಲಿ ಕಟ್ಟಿ ಶ್ವಾಸಕೋಶಕ್ಕೆ ಹೋಗುವ ಹೆಪ್ಪಿನ ಜೊತೆಗೆ, ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಅಲ್ಲೇ ಕಟ್ಟುವ ಹೆಪ್ಪೂ ಈ ಕಾಯಿಲೆಯಲ್ಲಿ ಸಿಗುತ್ತದೆ.

ಕಟ್ಟಿದ ಹೆಪ್ಪನ್ನು ದೇಹ ಕರಗಿಸುವಾಗ ಉಳಿಯುವ ಚೂರು ಡಿ-ಡೈಮರ್. ಜನ ಹೆಚ್ಚು ಗಾಬರಿಯಾಗುವುದು ಇದರ ರಿಪೋರ್ಟ್ ನೋಡಿ. ಸಾಮಾನ್ಯ ಮಿತಿ 0.5 ಮೈಕ್ರೋಗ್ರಾಂ ಪ್ರತಿ ಮಿಲಿಲೀಟರ್, ಅಂದರೆ 500 ನ್ಯಾನೋಗ್ರಾಂ. ಇದು ಎಫ್‌ಇಯು ಎಂಬ ಅಳತೆಯಲ್ಲಿ. ಕೆಲವು ಲ್ಯಾಬ್‌ಗಳು ಡಿಡಿಯು ಅಳತೆಯಲ್ಲಿ ಕೊಡುತ್ತವೆ, ಅಲ್ಲಿ ಸಂಖ್ಯೆ ಸುಮಾರು ಅರ್ಧ. ಕಂಕನಾಡಿಯಲ್ಲಿ ಒಂದು ಲ್ಯಾಬಿನ 400, ಎರಡು ದಿನ ಬಿಟ್ಟು ಮಣಿಪಾಲದಲ್ಲಿ ಇನ್ನೊಂದು ಲ್ಯಾಬಿನ 800 ಎಂದರೆ ಕಾಯಿಲೆ ಎರಡು ಪಟ್ಟಾಯಿತು ಎಂದೇನಲ್ಲ, ಅಳತೆ ಬದಲಾಗಿರಬಹುದು. ಒಂದೇ ಲ್ಯಾಬಿನಲ್ಲಿ ಮಾಡಿಸಿ, ಸಂಖ್ಯೆಯ ಪಕ್ಕದ ಯೂನಿಟ್ ಓದಿ. ಸಿಆರ್‌ಪಿಯಲ್ಲೂ ಹೀಗೆಯೇ: ಡೆಸಿಲೀಟರಿಗೆ 7.5 ಮಿಲಿಗ್ರಾಂ ಎಂದರೆ ಲೀಟರಿಗೆ 75. ವಯಸ್ಸಾದವರಲ್ಲಿ, ಗರ್ಭಿಣಿಯರಲ್ಲಿ, ಆಪರೇಷನ್ ಆದವರಲ್ಲಿ, ಡೆಂಗಿ, ಇಲಿಜ್ವರ ಇದ್ದವರಲ್ಲೂ ಡಿ-ಡೈಮರ್ ಏರುತ್ತದೆ. ಆಕ್ಸಿಜನ್ 96 ಇದ್ದು, ಉಸಿರು ಸರಾಗವಾಗಿದ್ದು, ಮನೆಯಲ್ಲಿ ಗಂಜಿ ಕುಡಿದುಕೊಂಡು ಇರುವವರಿಗೆ ಈ ಟೆಸ್ಟೇ ಬೇಕಿಲ್ಲ. ಬರೀ ಆ ಸಂಖ್ಯೆಗಾಗಿ ರಕ್ತ ತೆಳುವಾಗಿಸುವ ಮಾತ್ರೆ ಶುರು ಮಾಡುವುದು ತಪ್ಪು.

ಆಸ್ಪತ್ರೆ ಸೇರಿದವರ ಕಥೆ ಬೇರೆ. ಅಲ್ಲಿ ಉರಿಯೂತಕ್ಕೆ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್, ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ. 2020ರ ಜೂನ್‌ನಲ್ಲಿ ಇದೇ ರಿಕವರಿ ಅಧ್ಯಯನ ತೋರಿಸಿದಂತೆ ವೆಂಟಿಲೇಟರಿನಲ್ಲಿದ್ದವರಲ್ಲಿ ಸಾವು ಸುಮಾರು ಮೂರನೇ ಒಂದರಷ್ಟು, ಆಕ್ಸಿಜನ್ ಮೇಲಿದ್ದವರಲ್ಲಿ ಸುಮಾರು ಐದನೇ ಒಂದರಷ್ಟು ತಗ್ಗಿತು. ಆಕ್ಸಿಜನ್ ಬೇಕಿಲ್ಲದವರಿಗೆ ಏನೂ ಪ್ರಯೋಜನವಾಗಲಿಲ್ಲ. ಮೊದಲ ದಿನಗಳಲ್ಲಿ ವೈರಸ್ ಬೆಳೆಯುತ್ತಿರುವಾಗಲೇ ಸ್ಟೆರಾಯ್ಡ್ ಕೊಟ್ಟರೆ ದೇಹದ ಕೈ ಕಟ್ಟಿದಂತೆ, ಜೊತೆಗೆ ಶುಗರ್ ಏರುತ್ತದೆ. 2021ರಲ್ಲಿ ಕಪ್ಪು ಶಿಲೀಂಧ್ರ ಅಷ್ಟು ಜನರ ಕಣ್ಣು, ದವಡೆ ತಿಂದದ್ದರ ಹಿಂದೆ ಹತೋಟಿಯಿಲ್ಲದ ಶುಗರ್ ಮತ್ತು ಸ್ಟೆರಾಯ್ಡ್ ಎರಡೂ ಇದ್ದವು. ಇದನ್ನು ಮರೆತು ಇವತ್ತೂ ಜ್ವರದ ಎರಡನೇ ದಿನವೇ ಸ್ಟೆರಾಯ್ಡ್ ಕೇಳುವವರಿದ್ದಾರೆ ಎಂಬುದು ನಿಜಕ್ಕೂ ಸಂಕಟದ ವಿಷಯ.

ಹೆಪ್ಪಿಗೆ ಎನಾಕ್ಸಪರಿನ್ ಇಂಜೆಕ್ಷನ್, ಇದು ಹೆಪರಿನ್ನಿನದೇ ಒಂದು ಬಗೆ. ಮುನ್ನೆಚ್ಚರಿಕೆಯ ಡೋಸ್ ಸಾಮಾನ್ಯವಾಗಿ ದಿನಕ್ಕೊಮ್ಮೆ 40 ಮಿಲಿಗ್ರಾಂ. ಹೆಪ್ಪು ಖಚಿತವಾದರೆ ಕಿಲೋ ತೂಕಕ್ಕೆ 1 ಮಿಲಿಗ್ರಾಂನಂತೆ ದಿನಕ್ಕೆರಡು ಸಲ. ಐಸಿಯುನಲ್ಲಿರುವವರಿಗೆ ಹೆಪ್ಪು ಖಚಿತವಾಗದೆ ಪೂರ್ಣ ಡೋಸ್ ಕೊಟ್ಟಾಗ ಲಾಭ ಕಾಣಲಿಲ್ಲ, ವಾರ್ಡಿನಲ್ಲಿರುವ ಕೆಲವರಿಗೆ ಲಾಭ ಕಂಡಿತು. ಅಂದರೆ ಡೋಸ್ ಹೆಚ್ಚಿದಷ್ಟೂ ಒಳ್ಳೆಯದೆಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಔಷಧ ಕಿಡ್ನಿಯಿಂದ ಹೊರಹೋಗುವುದರಿಂದ ಮೊದಲು ಕ್ರಿಯಾಟಿನಿನ್ ನೋಡಬೇಕು. ಐದನೇ ದಿನದಿಂದಾಚೆ ಪ್ಲೇಟ್‌ಲೆಟ್ ಅರ್ಧಕ್ಕೆ ಇಳಿದರೆ ಹೆಪರಿನ್ನಿನಿಂದಲೇ ಆದ ತೊಂದರೆಯೇ ಎಂದು ವಿಚಾರಿಸಬೇಕು.

ಡಿಸ್ಚಾರ್ಜ್ ಆದ ಮೇಲೂ ಕೆಲವರಿಗೆ ಮನೆಯಲ್ಲಿ ಇಂಜೆಕ್ಷನ್ ಇರುತ್ತದೆ. ಆಗ ಆಗುವ ಎಡವಟ್ಟುಗಳು ಹೆಚ್ಚೂಕಡಿಮೆ ಒಂದೇ ಥರದವು. ಮೊದಲೇ ತುಂಬಿಸಿ ಬಂದ ಸಿರಿಂಜಿನಲ್ಲಿ ಗಾಳಿಗುಳ್ಳೆ ಕಂಡು ಒತ್ತಿ ಹೊರಹಾಕುತ್ತಾರೆ, ಅದರೊಂದಿಗೆ ಔಷಧವೂ ಹೋಗುತ್ತದೆ. ಪೂರ್ತಿ ಸಿರಿಂಜ್ ಕೊಡುವುದಿದ್ದರೆ ಗುಳ್ಳೆ ಹಾಗೇ ಇರಲಿ. ಹೊಟ್ಟೆಯ ಬದಿಯಲ್ಲಿ, ಹೊಕ್ಕುಳಿನಿಂದ ಎರಡು ಇಂಚಾದರೂ ದೂರ, ಚರ್ಮವನ್ನು ಮಡಿಕೆಯಾಗಿ ಹಿಡಿದು ಸೂಜಿಯನ್ನು ನೇರ ಚುಚ್ಚಿ. ಔಷಧ ಮುಗಿದು ಸೂಜಿ ಹೊರಬರುವವರೆಗೆ ಮಡಿಕೆ ಬಿಡಬೇಡಿ. ಆಮೇಲೆ ತಿಕ್ಕಬೇಡಿ, ತಿಕ್ಕಿದರೆ ದೊಡ್ಡ ನೀಲಿ ಕಲೆ ಏಳುತ್ತದೆ. ಇವತ್ತು ಎಡ, ನಾಳೆ ಬಲ. ಸ್ನಾಯುವಿಗೆ ಕೊಡಲೇಬಾರದು, ಒಳಗೆ ರಕ್ತ ತುಂಬಿ ಗಟ್ಟಿಯಾಗುತ್ತದೆ.

ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದಾಗ ಎದೆಗೆ ಚುಚ್ಚುವ ನೋವು, ಕೆಮ್ಮಿದಾಗ ರಕ್ತ: ಇವು ಹೆಪ್ಪಿನ ಲಕ್ಷಣ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಬಲ ಕಳೆದುಕೊಂಡರೆ 108ಕ್ಕೆ ಫೋನ್ ಮಾಡಿ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ಹೆಪ್ಪು ಕರಗಿಸುವ ಔಷಧಕ್ಕೆ ಇರುವ ಸಮಯ ಸಾಮಾನ್ಯವಾಗಿ ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ. ಕೊನೆಯ ಇಂಜೆಕ್ಷನ್ ಎಷ್ಟು ಹೊತ್ತಿಗೆ ಕೊಟ್ಟದ್ದೆಂದು ಚೀಟಿಯಲ್ಲಿ ಬರೆದು ಒಯ್ಯಿರಿ, ಡಾಕ್ಟರಿಗೆ ಅದು ಬೇಕೇ ಬೇಕು.

ಹಾಸಿಗೆ ಬಿಟ್ಟು ಎದ್ದ ಕೂಡಲೇ ಮುಂಬೈ ಬಸ್ಸನ್ನೋ ಗಲ್ಫ್ ವಿಮಾನವನ್ನೋ ಹಿಡಿಯುವವರು ನಮ್ಮಲ್ಲಿ ಬಹಳ. ರಾತ್ರಿಯಿಡೀ ಕಾಲು ಮಡಚಿ ಕೂರುವುದೇ ಕಾಲಿನ ಹೆಪ್ಪಿಗೆ ದಾರಿ. ಸಾಧ್ಯವಿದ್ದರೆ ಕೆಲವು ವಾರ ಮುಂದೂಡಿ. ಆಗದಿದ್ದರೆ ನೀರು ಕುಡಿಯುತ್ತಾ, ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ. ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದ್ದರೆ ಅದನ್ನು ಸೂಟ್‌ಕೇಸಿಗೆ ತುಂಬಬೇಡಿ, ಕೈಚೀಲದಲ್ಲೇ ಇಟ್ಟುಕೊಳ್ಳಿ.