ಮ್ಯೂನಿಕ್–ಜ್ಯೂರಿಕ್–ಮಿಲಾನ್–ವೆನಿಸ್: ಚಿಕ್ಕ ಮಕ್ಕಳ ಜೊತೆಗಿನ ರೈಲು ಸುತ್ತು, ತಯಾರಿಯ ದಾಖಲೆ

ತಂಡ: ಮ್ಯೂನಿಕ್‌ನಲ್ಲಿ ನೆಲೆಸಿರುವ ಅಪ್ಪ, ಅಮ್ಮ, ಕರ್ನಾಟಕದಿಂದ ಬಂದಿರುವ ಅಜ್ಜಿ, ಐದು ವರ್ಷದ ಹುಡುಗಿ, ಒಂದೂವರೆ ವರ್ಷದ ಕೂಸು. ಷರತ್ತು ಒಂದೇ: ಹೊರಟ ದಿನ ಹತ್ತಿದ ಗಾಡಿಯಲ್ಲೇ ಆ ದಿನದ ಊರು ಸೇರಬೇಕು.

ನಮೂದು 1: ದಾರಿ (ಮುಗಿದಿದೆ)

ಮಕ್ಕಳನ್ನು ಕರೆದುಕೊಂಡು ರೈಲಿನಲ್ಲಿ ಹೋಗುವವರನ್ನು ಎಲ್ಲರೂ ಕೇಳುವುದು "ಎಷ್ಟು ಗಂಟೆ ಪ್ರಯಾಣ?" ಎಂದು. ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಎಷ್ಟು ಸಲ ಗಾಡಿ ಬದಲಿಸಬೇಕು ಎನ್ನುವುದು. ಏಳು ಗಂಟೆ ಒಂದೇ ಬೋಗಿಯಲ್ಲಿ ಕೂತರೆ ಕೂಸು ಎರಡು ಸಲ ಮಲಗಿ ಏಳುತ್ತದೆ. ನಾಲ್ಕು ಗಂಟೆಯ ದಾರಿಯಲ್ಲಿ ಎರಡು ಬದಲಾವಣೆ ಬಂದರೆ ಅದೇ ಕೂಸು ನಿದ್ದೆಗಣ್ಣಲ್ಲಿ ಎದ್ದು, ಎರಡನೇ ಗಾಡಿಯಿಡೀ ಅಳುತ್ತದೆ. ಆ್ಯಪ್ ತೋರಿಸುವ ಎಂಟು ನಿಮಿಷದ ಕನೆಕ್ಷನ್ ಕೈಬೀಸಿಕೊಂಡು ನಡೆಯುವವರಿಗೆ ಮಾತ್ರ. ಅದರ ಮೇಲೆ ಜರ್ಮನಿಯ ದೂರದ ಗಾಡಿಗಳ ಸಮಯಪಾಲನೆ 2024ರಲ್ಲಿ ಬರೀ 62.5 ಶೇಕಡಾ, ಅದೂ ಆರು ನಿಮಿಷದೊಳಗಿನ ತಡವನ್ನು ತಡವೆಂದೇ ಎಣಿಸದೆ.

ಆದ್ದರಿಂದ ನೇರ ಗಾಡಿಗಳ ಎರಡು ತುದಿಗಳಲ್ಲಿರುವ ಊರುಗಳನ್ನೇ ತಂಗಲು ಆರಿಸಿದ್ದು. ಮ್ಯೂನಿಕ್–ಜ್ಯೂರಿಕ್ ಯೂರೋಸಿಟಿ (ದೇಶಗಳ ನಡುವೆ ಓಡುವ ದೂರದ ಗಾಡಿ) ಲಿಂಡಾವ್, ಬ್ರೆಗೆನ್ಸ್, ಸೇಂಟ್ ಗಾಲೆನ್ ದಾಟಿ ಸುಮಾರು ಮೂರೂವರೆ ಗಂಟೆಯಲ್ಲಿ ತಲುಪುತ್ತದೆ. ಜ್ಯೂರಿಕ್–ಮಿಲಾನ್ ಕೂಡ ಹೆಚ್ಚುಕಡಿಮೆ ಅಷ್ಟೇ. ಮಿಲಾನ್–ವೆನಿಸ್ ಎರಡೂವರೆ ಗಂಟೆ. ವೆನಿಸ್‌ನಿಂದ ವೆರೋನಾ, ಬ್ರೆನ್ನರ್, ಇನ್ಸ್‌ಬ್ರುಕ್ ಮೇಲೆ ಮ್ಯೂನಿಕ್‌ಗೆ ಏಳು ಗಂಟೆಯ ಹತ್ತಿರ. ನಾಲ್ಕೂ ನೇರ ಗಾಡಿಗಳು. ಅತಿ ಉದ್ದದ ದಾರಿಯನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣವಿದೆ: ಅದರ ಮುಂದೆ ಹೋಟೆಲ್ ಬುಕಿಂಗ್ ಇಲ್ಲ, ಎರಡು ಗಂಟೆ ತಡವಾದರೂ ಮನೆಗೇ ಹೋಗಿ ಮಲಗುವುದು.

ಬಿಟ್ಟ ದಾರಿಗಳು ಎರಡು. ಕೂರ್‌ನಿಂದ ತಿರಾನೊಗೆ ಹೋಗುವ ಬೆರ್ನಿನಾ ಗಾಡಿಯ ನೋಟಕ್ಕೆ ಎಣೆಯಿಲ್ಲ. ಆದರೆ ಜ್ಯೂರಿಕ್‌ನಿಂದ ಮಿಲಾನ್‌ವರೆಗೆ ಆ ದಾರಿ ಹಿಡಿದರೆ ಕೂರ್‌ನಲ್ಲೊಮ್ಮೆ, ತಿರಾನೊದಲ್ಲೊಮ್ಮೆ ಇಳಿದು ಹತ್ತಬೇಕು. ಒಂದೂವರೆ ವರ್ಷದ ಕೂಸಿಗೆ ಹಿಮನದಿಗಿಂತ ಪಕ್ಕದ ಸೀಟಿನ ನಾಯಿಯೇ ದೊಡ್ಡ ಆಕರ್ಷಣೆ. ಎರಡನೆಯದು ನೈಟ್‌ಜೆಟ್ ಎಂಬ ರಾತ್ರಿಯ ಮಲಗುವ ಗಾಡಿ. ಆರು ವರ್ಷದೊಳಗಿನ ಮಗು ಬೇರೆ ಬರ್ತ್ ತೆಗೆದುಕೊಳ್ಳದಿದ್ದರೆ ಅದರಲ್ಲಿ ಟಿಕೆಟ್ ಇಲ್ಲ, ನಿಜ. ಆದರೆ ಆ ಕಿರಿದಾದ ಬರ್ತ್‌ನಲ್ಲಿ ಕೂಸಿನ ಜೊತೆ ಮಲಗಿದವರಿಗೆ ನಿದ್ದೆಯೂ ಇಲ್ಲ. ಹೊಸ ಗಾಡಿಗಳ ಮಿನಿ ಕ್ಯಾಬಿನ್ ಒಬ್ಬರಿಗೆ ಮಾಡಿದ್ದು, ಈ ತಂಡಕ್ಕೆ ಲೆಕ್ಕಕ್ಕೇ ಬಾರದು.

ಬದಲಾವಣೆ ತಪ್ಪಿಸಲಾಗದವರಿಗೆ ಒಂದು ಮಾತು: ಹಳಿ ಕೊನೆಯಾಗುವ ನಿಲ್ದಾಣದಲ್ಲೇ ಗಾಡಿ ಬದಲಿಸಿ. ಮಿಲಾನ್ ಸೆಂಟ್ರಾಲೆ, ವೆನಿಸ್ ಸಾಂತಾ ಲೂಚಿಯಾ, ಜ್ಯೂರಿಕ್‌ನ ಮೇಲಿನ 3ರಿಂದ 18ರವರೆಗಿನ ಪ್ಲಾಟ್‌ಫಾರ್ಮ್‌ಗಳು, ಮ್ಯೂನಿಕ್‌ನ ದೊಡ್ಡ ಹಾಲ್, ಎಲ್ಲ ಕಡೆಯೂ ಹಳಿಯ ತುದಿಯಲ್ಲಿ ನೆಲದ ಮೇಲೇ ನಡೆದು ಪಕ್ಕದ ಪ್ಲಾಟ್‌ಫಾರ್ಮ್‌ಗೆ ಹೋಗಬಹುದು. ಜ್ಯೂರಿಕ್‌ನ ನೆಲದಡಿಯ 31–34ಕ್ಕೆ ಬಂದಿಳಿದರೆ ಲಿಫ್ಟ್ ಮುಂದೆ ಸಾಲು ಇರುತ್ತದೆ. ಒಂದು ಗಂಟೆಗಿಂತ ಕಡಿಮೆ ಬಿಡುವು ಇಟ್ಟುಕೊಳ್ಳಬೇಡಿ.

ನಮೂದು 2: ಕಾಗದಪತ್ರ (ಒಂದು ಬಾಕಿ)

ದಾರಿಯ ನಾಲ್ಕೂ ದೇಶ (ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ಇಟಲಿ) ಷೆಂಗೆನ್ ಒಳಗೇ, ಅಂದರೆ ಒಂದೇ ವೀಸಾ ನಡೆಯುವ ಯೂರೋಪ್ ದೇಶಗಳ ಗುಂಪಿನೊಳಗೇ ಇವೆ, ಸ್ವಿಟ್ಜರ್ಲೆಂಡ್ ಕೂಡ. ಹಾಗಾಗಿ ಅಜ್ಜಿಯ ಒಂದೇ ಪ್ರವೇಶದ ಜರ್ಮನ್ ವೀಸಾ ಸಾಕು. ಇದೇ ಸುತ್ತಿಗೆ ಲಂಡನ್ ಸೇರಿಸಿದರೆ ಬ್ರಿಟನ್ನಿನ ವೀಸಾ ಬೇರೆ, ವಾಪಸು ಬರಲು ಷೆಂಗೆನ್‌ನ ಎರಡನೇ ಪ್ರವೇಶವೂ ಬೇಕು.

ಜರ್ಮನಿಯಲ್ಲಿ ಹುಟ್ಟಿದ ಕೂಸಿಗೂ ಭಾರತದ ಪಾಸ್‌ಪೋರ್ಟ್ ಮತ್ತು ಅದರದೇ ವಾಸದ ಕಾರ್ಡ್, ಎರಡೂ ಜೊತೆಗಿರಬೇಕು. ಮಕ್ಕಳ ಭಾರತೀಯ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಮುಗಿಯುತ್ತದೆ. ಅದಕ್ಕೆ ಅಂಟಿಕೊಂಡ ವಾಸದ ಕಾರ್ಡ್‌ನ ಅವಧಿಯೂ ಹಾಗೇ. ಐದು ವರ್ಷದವಳದ್ದು ಈಗ ನವೀಕರಣದಲ್ಲಿದೆ, ಅದೇ ಬಾಕಿ. ಊರಿನಿಂದ ಮೊಮ್ಮಕ್ಕಳನ್ನು ಕರೆತರುವವರು ಗಮನಿಸಿ: 2024ರ ಜೂನ್‌ನಿಂದ ಷೆಂಗೆನ್ ಅಲ್ಪಾವಧಿ ವೀಸಾ ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 11 ವರ್ಷದವರಿಗೆ 45, ಆರರೊಳಗೆ ಇಲ್ಲ. ಶುಲ್ಕವಿಲ್ಲ ಎಂದರೆ ವೀಸಾ ಬೇಡ ಎಂದಲ್ಲ. ಕೂಸಿಗೂ ಪ್ರತ್ಯೇಕ ಅರ್ಜಿ, ಕನಿಷ್ಠ 30,000 ಯೂರೋ ರಕ್ಷಣೆಯ ವಿಮೆ ಬೇಕೇ ಬೇಕು.

ಷೆಂಗೆನ್ ಒಳಗೆ ತಪಾಸಣೆ ಇಲ್ಲವೆಂದು ಪಾಸ್‌ಪೋರ್ಟ್‌ಗಳನ್ನು ಸೂಟ್‌ಕೇಸ್ ತಳದಲ್ಲಿ ಇಡಬೇಡಿ. ಜರ್ಮನಿ 2024ರ ಸೆಪ್ಟೆಂಬರ್‌ನಿಂದ ಎಲ್ಲ ನೆಲಗಡಿಗಳಲ್ಲೂ ತಪಾಸಣೆ ಶುರುಮಾಡಿತು. ಇಟಲಿ ಕಡೆಯಿಂದ ಬರುವಾಗ ಕುಫ್‌ಸ್ಟೈನ್–ರೋಸನ್‌ಹೈಮ್ ನಡುವೆ ಪೊಲೀಸರು ಬೋಗಿಯೊಳಗೆ ಬರುತ್ತಾರೆ. ಐದೂ ಪಾಸ್‌ಪೋರ್ಟ್ ಒಂದೇ ಜಿಪ್ ಚೀಲದಲ್ಲಿ, ಅದು ಒಬ್ಬರ ಕೊರಳಲ್ಲಿ. ಜನನ ಪ್ರಮಾಣಪತ್ರದ ನಕಲೂ ಅದರಲ್ಲೇ. ತಂದೆತಾಯಿಯರಲ್ಲಿ ಒಬ್ಬರೇ ಹೋಗುವುದಾದರೆ ಇನ್ನೊಬ್ಬರ ಸಹಿ ಇರುವ ಒಪ್ಪಿಗೆ ಪತ್ರವನ್ನೂ ಸೇರಿಸಬೇಕು.

ನಮೂದು 3: ಟಿಕೆಟ್ ಮತ್ತು ಸೀಟು (ಮುಗಿದಿದೆ)

ಐದು ವರ್ಷ ಬಲು ಎಡವಟ್ಟಿನ ವಯಸ್ಸು. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳ ಒಳಗೆ ಆರು ತುಂಬುವವರೆಗೆ ಟಿಕೆಟ್ ಬೇಡ. ಇಟಲಿಯ ರೈಲ್ವೆ ಟ್ರೆನ್‌ಇಟಾಲಿಯಾದಲ್ಲಿ ಉಚಿತ ನಾಲ್ಕರವರೆಗೆ ಮಾತ್ರ, ಅದೂ ತೊಡೆಯ ಮೇಲೆ ಕೂತರೆ. ಫ್ರಾನ್ಸ್‌ನ ಟಿಜಿವಿ, ಲಂಡನ್‌ಗೆ ಹೋಗುವ ಯೂರೋಸ್ಟಾರ್ ಎಂಬ ವೇಗದ ಗಾಡಿಗಳಲ್ಲೂ ನಾಲ್ಕೇ. ಆದ್ದರಿಂದ ಪ್ರತಿ ಹಂತದ ಬುಕಿಂಗ್‌ನಲ್ಲೂ ಎರಡೂ ಮಕ್ಕಳ ವಯಸ್ಸನ್ನು ಬೇರೆಬೇರೆಯಾಗಿ ತುಂಬಿದ್ದು. ಮಿಲಾನ್–ವೆನಿಸ್‌ಗೆ "ಬಿಂಬಿ ಗ್ರಾಟಿಸ್" ಹಿಡಿಯಿತು: ಎರಡರಿಂದ ಐದು ಜನರ ಗುಂಪಿನಲ್ಲಿ ಒಬ್ಬರಾದರೂ ದೊಡ್ಡವರಿದ್ದರೆ 15ರ ಒಳಗಿನ ಮಕ್ಕಳಿಗೆ ಹಣವಿಲ್ಲ. ಈ ದರದ ಸೀಟುಗಳು ಮಿತವಾಗಿರುತ್ತವೆ, ಬೇಗ ಮುಗಿಯುತ್ತವೆ.

ಯೂರೋಪಿನ ಹಲವು ದೇಶಗಳ ಗಾಡಿಗಳಿಗೆ ನಡೆಯುವ ಇಂಟರ್‌ರೈಲ್ ಪಾಸ್ ಲೆಕ್ಕವನ್ನೂ ಹಾಕಲಾಯಿತು. ದೊಡ್ಡವರ ಒಂದು ಪಾಸ್‌ಗೆ 4–11 ವಯಸ್ಸಿನ ಇಬ್ಬರು ಮಕ್ಕಳ ಪಾಸ್ ಉಚಿತ. ಆದರೆ ನಾಲ್ಕೇ ಗಾಡಿಗಳಿಗೆ, ಅದರಲ್ಲೂ ಇಟಲಿಯಲ್ಲಿ ಪಾಸ್ ಇದ್ದರೂ ರಿಸರ್ವೇಶನ್ ಹಣ ಬೇರೆ ಕೊಡಬೇಕಾಗಿರುವಾಗ, ಮುಂಚಿತವಾಗಿ ಕೊಂಡ ಟಿಕೆಟ್ಟೇ ಅಗ್ಗ. ಯೂರೋಪಿನಲ್ಲಿ ವಾಸವಿಲ್ಲದವರಿಗೆ ಇಂಟರ್‌ರೈಲ್ ಸಿಗದು, ಯೂರೈಲ್ ಕೊಳ್ಳಬೇಕು. ಅಂದರೆ ಅಜ್ಜಿಗೆ ಬೇರೆ ಪಾಸ್.

ಉಚಿತ ಟಿಕೆಟ್ ಎಂದರೆ ಸೀಟೂ ಉಚಿತ ಎಂದಲ್ಲ. ಕೂಸಿಗೂ ಸೀಟು ಕಾದಿರಿಸಿ. ಇಡೀ ಕುಟುಂಬಕ್ಕೆ ಒಂದೇ ದರದ ಜರ್ಮನ್ ರೈಲ್ವೆಯ ಕುಟುಂಬ ರಿಸರ್ವೇಶನ್ 2025ರ ಜೂನ್‌ನಲ್ಲಿ ರದ್ದಾಯಿತು. ಆಗಿನ ದರದಂತೆ ಎರಡನೇ ದರ್ಜೆಯಲ್ಲಿ ಒಂದೊಂದು ಸೀಟಿಗೂ 5.50 ಯೂರೋ. ಚಿಂತೆಯಿಲ್ಲ, ತೊಡೆಯ ಮೇಲೆ ಮಲಗಿದ ಹತ್ತು ಕಿಲೋ ಕೂಸನ್ನು ಮೂರು ಗಂಟೆ ಹೊತ್ತವರಿಗೆ ಆ ದುಡ್ಡಿನ ಬೆಲೆ ಗೊತ್ತು. ನಡುವೆ ಮೇಜಿರುವ ನಾಲ್ಕು ಸೀಟು ಮತ್ತು ದಾರಿಯಾಚೆ ಒಂದು, ಇದು ಐವರಿಗೆ ಸರಿಯಾದ ಜೋಡಣೆ. ಜರ್ಮನಿಯ ವೇಗದ ಐಸಿಇ ಗಾಡಿಯಲ್ಲಿ ಹೋಗುವವರು ಚಿಕ್ಕ ಮಕ್ಕಳ ಪ್ರತ್ಯೇಕ ಕೋಣೆಯನ್ನೇ ಕೇಳಿ ಬುಕ್ ಮಾಡಬಹುದು. ಬಾಗಿಲು ಹಾಕಿಕೊಂಡರೆ ಕೂಸು ನೆಲದ ಮೇಲೆ ಆಡಿಕೊಂಡಿರುತ್ತದೆ.

ತಡವಾದರೆ: ಯೂರೋಪ್ ಒಕ್ಕೂಟದ ನಿಯಮದಂತೆ 60 ನಿಮಿಷಕ್ಕೆ ದರದ 25 ಶೇಕಡಾ, 120ಕ್ಕೆ 50 ಶೇಕಡಾ ವಾಪಸು. ಉಚಿತ ಮಗುವಿಗೆ ವಾಪಸೂ ಉಚಿತ, ಅಂದರೆ ಸೊನ್ನೆ.

ನಮೂದು 4: ಸಾಮಾನು (ನಡೆಯುತ್ತಿದೆ)

ಅಳತೆಗೋಲು ಒಂದೇ: ಪ್ಲಾಟ್‌ಫಾರ್ಮ್ ಮೇಲೆ ಎಲ್ಲ ಹೊತ್ತು ನಿಂತಾಗ ಅಪ್ಪ, ಅಮ್ಮ ಇಬ್ಬರಿಗೂ ಒಂದೊಂದು ಕೈ ಖಾಲಿ ಇರಬೇಕು. ಅಜ್ಜಿಯ ಎರಡೂ ಕೈ ಲೆಕ್ಕಕ್ಕಿಲ್ಲ; ಒಂದು ಕಂಬಿ ಹಿಡಿಯಲು, ಒಂದು ಹುಡುಗಿಯನ್ನು ಹಿಡಿಯಲು. ಈ ಲೆಕ್ಕಕ್ಕೆ ಹೊಂದುವುದು ಎರಡು ಬೆನ್ನಿನ ಚೀಲ, ಚಕ್ರದ ಮಧ್ಯಮ ಸೂಟ್‌ಕೇಸ್ ಒಂದು, ತಳ್ಳುಗಾಡಿ ಒಂದು, ಬೇಬಿ ಕ್ಯಾರಿಯರ್ ಒಂದು.

ತಳ್ಳುಗಾಡಿ ಒಂದೇ ಕೈಯಲ್ಲಿ ಮಡಿಸುವಂಥದ್ದೂ ಏಳು ಕಿಲೋ ಒಳಗಿನದೂ ಆಗಿರಲಿ, ಮಡಿಸಿದಾಗ ಸೀಟುಗಳ ಬೆನ್ನ ನಡುವಿನ ಸಂದಿಗೆ ತೂರಬೇಕು. ಜ್ಯೂರಿಕ್–ಮಿಲಾನ್ ದಾರಿಯಲ್ಲಿ ಓಡುವ ಸ್ವಿಟ್ಜರ್ಲೆಂಡಿನ ಜಿರುನೊ ಗಾಡಿಯಲ್ಲಿ 55 ಮತ್ತು 76 ಸೆಂ.ಮೀ. ಎರಡೂ ಎತ್ತರದ ಪ್ಲಾಟ್‌ಫಾರ್ಮ್‌ಗೆ ಹೊಂದುವ ಬಾಗಿಲುಗಳಿವೆ, ಉರುಳಿಸಿಕೊಂಡೇ ಒಳಗೆ ಹೋಗಬಹುದು. ಅದೇ ದಾರಿಯಲ್ಲಿ ಹಳೆಯ ಆಸ್ತೋರೊ ಬಂದರೆ ಮೆಟ್ಟಿಲು. ಯಾವುದು ಬರುತ್ತದೋ ನೋಡೋಣ ಎಂದು ಕಾಯದೆ, ಗಾಡಿ ಬರುವ ಐದು ನಿಮಿಷ ಮೊದಲೇ ಕೂಸನ್ನು ಕ್ಯಾರಿಯರ್‌ಗೆ ಹಾಕಿ ತಳ್ಳುಗಾಡಿ ಮಡಿಸುವುದೇ ಕ್ಷೇಮ.

ವೆನಿಸ್‌ನ ಬಹುಪಾಲು ಸೇತುವೆಗಳಿಗೆ ಮೆಟ್ಟಿಲು. ಅದಕ್ಕೇ ತಂಗುವುದು ದ್ವೀಪದಾಚೆಯ ನೆಲದ ಮೇಲಿರುವ, ವೆನಿಸ್ ನಗರಸಭೆಗೇ ಸೇರಿದ ಮೆಸ್ತ್ರೆಯಲ್ಲಿ. ಅಲ್ಲಿಂದ ಸಾಂತಾ ಲೂಚಿಯಾಗೆ ಲೋಕಲ್ ಗಾಡಿಯಲ್ಲಿ ಹತ್ತು ನಿಮಿಷ, ತಳ್ಳುಗಾಡಿ ಹೋಟೆಲ್‌ನಲ್ಲೇ ಉಳಿಯುತ್ತದೆ. ಮ್ಯೂನಿಕ್ ಗಾಡಿ ಮೆಸ್ತ್ರೆಯಲ್ಲೂ ನಿಲ್ಲುತ್ತದೆ. ಕೆಲವು ದಿನಗಳಲ್ಲಿ ಹಗಲು ಬಂದುಹೋಗುವವರಿಂದ ವೆನಿಸ್ ವಸೂಲು ಮಾಡುವ ಪ್ರವೇಶ ಶುಲ್ಕ ಮೆಸ್ತ್ರೆಯಲ್ಲಿ ತಂಗಿದವರಿಗಿಲ್ಲ, ವಿನಾಯಿತಿಯ ಕೋಡ್ ಮಾತ್ರ ಮೊದಲೇ ಪಡೆದಿರಬೇಕು.

ನಮೂದು 5: ಊಟ, ಔಷಧ (ಮುಗಿದಿದೆ)

ಊರಿನ ತುಪ್ಪ, ಪೇಡ ಬರುವಂತಿಲ್ಲ. ಭಾರತದಿಂದ ಹಾಲಿನ ಪದಾರ್ಥಗಳನ್ನು ಯೂರೋಪ್ ಒಕ್ಕೂಟದೊಳಗೆ ವಿಮಾನದ ಚೀಲದಲ್ಲಿ ತರುವುದು ನಿಷಿದ್ಧ. ಹಸಿ ಕರಿಬೇವಿಗೂ ತಡೆ. ಫ್ರಿಜ್ ಬೇಡದ, ಕಂಪನಿ ಸೀಲ್ ಇರುವ ಶಿಶು ಹಾಲಿನ ಪುಡಿ ಮತ್ತು ಶಿಶು ಆಹಾರಕ್ಕೆ ಒಬ್ಬರಿಗೆ 2 ಕಿಲೋವರೆಗೆ ವಿನಾಯಿತಿ. ಹಾಲುಪುಡಿ ಬೆರೆಸದ ರಾಗಿ ಸರಿ ಹಿಟ್ಟಿಗೆ ತೊಂದರೆಯಿಲ್ಲ.

ರಾಗಿ ಸರಿಯನ್ನು ಗಾಡಿಯಲ್ಲಿ ಬೇಯಿಸಲಾಗದು, ಬಿಸಿನೀರು ಹಾಕಿದರೆ ಗಂಟು. ಮನೆಯಲ್ಲೇ ಗಟ್ಟಿಯಾಗಿ ಬೇಯಿಸಿ, ಬಿಸಿಯಿರುವಾಗಲೇ ಅಗಲ ಬಾಯಿಯ ಫ್ಲಾಸ್ಕ್‌ಗೆ ಹಾಕಿ, ಕೊಡುವಾಗ ಬಿಸಿನೀರಲ್ಲಿ ಸಡಿಲಿಸಬೇಕು. ಫ್ಲಾಸ್ಕ್‌ನಲ್ಲಿ ಮೊದಲು ಹತ್ತು ನಿಮಿಷ ಕುದಿನೀರು ತುಂಬಿಟ್ಟು ಚೆಲ್ಲದಿದ್ದರೆ ಎರಡು ಗಂಟೆಯಲ್ಲೇ ಬೆಚ್ಚಗಾಗಿ ಹುಳಿವಾಸನೆಗೆ ದಾರಿ. ಹೋಟೆಲ್‌ನಿಂದ ಹೊರಡುವ ದಿನಗಳಿಗೆ ಅವಲಕ್ಕಿ ಪುಡಿ, ಬಾಳೆಹಣ್ಣು, ಸುರುಳಿ ಮಾಡಿದ ಚಪಾತಿ. ಚಕ್ಕುಲಿ, ಕಡಲೆಬೀಜ ಕೂಸಿನ ಕೈಗೆ ಬೇಡ. ಓಡುವ ಗಾಡಿ ಕುಲುಕಿದಾಗ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ. ಗಾಡಿಯ ಶೌಚಾಲಯದ ನಲ್ಲಿ ನೀರು ಕುಡಿಯುವುದಕ್ಕಲ್ಲ, ಬಾಟಲಿ ತೊಳೆಯುವುದಕ್ಕೂ ಅಲ್ಲ.

ಜ್ವರದ ಔಷಧದಲ್ಲಿ ಎಚ್ಚರ. ಭಾರತದ ಪ್ಯಾರಾಸಿಟಮಾಲ್ ಸಿರಪ್ 5 ಮಿ.ಲೀ.ಗೆ 120 ಅಥವಾ 250 ಮಿ.ಗ್ರಾಂ., ಜರ್ಮನಿಯದು ಸಾಮಾನ್ಯವಾಗಿ 200, ಇಟಲಿಯಲ್ಲಿ 120. ಅಜ್ಜಿ "ಒಂದು ಚಮಚ" ಎಂದು ಕೊಟ್ಟರೆ ಯಾವ ಬಾಟಲಿಯ ಚಮಚ ಎಂಬುದರ ಮೇಲೆ ಪ್ರಮಾಣ ಇಮ್ಮಡಿಯಾಗಬಹುದು. ಮಕ್ಕಳ ವೈದ್ಯರಿಂದ ಪ್ರತಿ ಮಗುವಿನ ತೂಕಕ್ಕೆ ಮಿಲಿಗ್ರಾಂ ಲೆಕ್ಕ ಬರೆಸಿ, ಒಂದೇ ಬಾಟಲಿ ಇಟ್ಟುಕೊಂಡು, ಅದರ ಮೇಲೇ ಮಿ.ಲೀ. ಬರೆದು ಅಂಟಿಸಿದೆ. ಅಳೆಯಲು ಸಿರಿಂಜ್.

ಜ್ಯೂರಿಕ್–ಮಿಲಾನ್ ದಾರಿಯಲ್ಲಿ ಸಿಗುವ ಗಾಟ್‌ಹಾರ್ಡ್ ತಳ ಸುರಂಗ 57 ಕಿ.ಮೀ., ಸುಮಾರು ಇಪ್ಪತ್ತು ನಿಮಿಷದ ಕತ್ತಲು. ಸುರಂಗ ಹೊಗುವಾಗ ಕಿವಿ ಕಟ್ಟಿಕೊಂಡರೆ ಕೂಸಿಗೆ ಹಾಲು ಅಥವಾ ನೀರು ಚೀಪಿಸಿ, ನುಂಗಿದರೆ ಬಿಡುತ್ತದೆ. ಊಟವನ್ನು ಸುರಂಗಕ್ಕೆ ಮೊದಲೇ ಮುಗಿಸಿದರೆ ಆ ಕತ್ತಲು ನಿದ್ದೆಗೆ ಒದಗುತ್ತದೆ.

ನಮೂದು 6: ತಾಲೀಮು (ಅರ್ಧ)

ಬಯರ್ನ್ ಟಿಕೆಟ್‌ನಲ್ಲಿ (ಬವೇರಿಯಾ ರಾಜ್ಯದ ಲೋಕಲ್ ಗಾಡಿಗಳ ದಿನದ ಟಿಕೆಟ್) ಹತ್ತಿರದ ಆಗ್ಸ್‌ಬುರ್ಗ್‌ಗೆ ಹೋಗಿಬರುವುದು ಒಳ್ಳೆಯ ತಾಲೀಮು. ವಾರದ ದಿನಗಳಲ್ಲಿ ಅದು ಬೆಳಗ್ಗೆ 9ರ ನಂತರವೇ ನಡೆಯುತ್ತದೆ. ನೋಡಿಕೊಳ್ಳಬೇಕಾದದ್ದು ಹತ್ತುವ ಕ್ರಮ: ಮೊದಲು ಅಜ್ಜಿ ಮತ್ತು ಹುಡುಗಿ, ಅವರ ಬೆನ್ನಿಗೇ ಕೂಸನ್ನು ಕಟ್ಟಿಕೊಂಡ ಅಮ್ಮ, ಕೊನೆಗೆ ಸಾಮಾನು ಮೇಲೆ ಕೊಡುವ ಅಪ್ಪ. ಇಳಿಯುವಾಗ ಉಲ್ಟಾ. ಮಕ್ಕಳು ಗಾಡಿಯೊಳಗೆ, ದೊಡ್ಡವರೆಲ್ಲ ಹೊರಗೆ, ಅಥವಾ ಅದರ ತಿರುವು ಒಂದು ಕ್ಷಣಕ್ಕೂ ಆಗಬಾರದು. ಬಾಗಿಲು ತಾನಾಗಿ ಮುಚ್ಚುತ್ತದೆ. ಬ್ರೆನ್ನರ್‌ನಲ್ಲಿ ಗಾಡಿ ಹೆಚ್ಚು ಹೊತ್ತು ನಿಂತರೂ ಗಾಳಿಗೆಂದು ಕೂಸನ್ನು ಎತ್ತಿಕೊಂಡು ಇಳಿಯುವುದು ಬೇಡ.

ಪ್ಲಾಟ್‌ಫಾರ್ಮ್‌ನಲ್ಲಿ ಎ, ಬಿ, ಸಿ ಭಾಗಗಳಿರುತ್ತವೆ, ಬೋಗಿ ಎಲ್ಲಿ ನಿಲ್ಲುತ್ತದೆಂದು ಫಲಕ ತೋರಿಸುತ್ತದೆ. ಕೊನೇ ಗಳಿಗೆಯಲ್ಲಿ "ಬೋಗಿಗಳ ಕ್ರಮ ಉಲ್ಟಾ" ಎಂಬ ಘೋಷಣೆ ಜರ್ಮನಿಯಲ್ಲಿ ಅಪರೂಪವಲ್ಲ. ತುದಿಗೆ ಹೋಗಿ ನಿಂತವರು ಆಗ ಇಡೀ ಗಾಡಿಯುದ್ದ ಓಡಬೇಕು. ನಡುವೆ ನಿಂತು, ಓಡುವುದಕ್ಕಿಂತ ಹತ್ತಿರದ ಬಾಗಿಲಲ್ಲಿ ಹತ್ತಿ ಒಳಗಿಂದ ನಡೆಯಿರಿ. ಆದರೆ ಎರಡು ಗಾಡಿ ಜೋಡಿಸಿದ್ದರೆ ಒಳಗಿಂದ ದಾಟಲಾಗದು, ಸರಿಯಾದ ಅರ್ಧಕ್ಕೇ ಹತ್ತಬೇಕು.

ಬಾಕಿ: ಹುಡುಗಿಯ ಪಾಸ್‌ಪೋರ್ಟ್, ಮತ್ತು ಅದರ ಹಿಂದೆಯೇ ಹೊಸ ವಾಸದ ಕಾರ್ಡ್, ಮೆಸ್ತ್ರೆ ಹೋಟೆಲ್‌ನಿಂದ ವಿನಾಯಿತಿ ಕೋಡ್, ಸೂಟ್‌ಕೇಸ್ ಹೊತ್ತು ಮೆಟ್ಟಿಲಿರುವ ಬೋಗಿಯಲ್ಲಿ ಇನ್ನೊಂದು ತಾಲೀಮು. ಪಾಸ್‌ಪೋರ್ಟ್ ಬರುವವರೆಗೆ ಹೋಟೆಲ್‌ಗಳನ್ನು ರದ್ದು ಮಾಡಬಹುದಾದ ದರದಲ್ಲೇ ಇಡಲಾಗಿದೆ.