ನಮ್ಮ ಕಪ್ಪು-ಬಿಳುಪು ಕಿರುಚಿತ್ರ: ಅಡುಗೆಮನೆ ದೃಶ್ಯ ಮುಗಿಯಿತು

ಅಡುಗೆಮನೆ ದೃಶ್ಯದ ಶೂಟಿಂಗ್ ಈ ಭಾನುವಾರ ಮುಗಿಯಿತು. ಇಡೀ ಚಿತ್ರ ನಿಂತಿರುವುದೇ ಈ ದೃಶ್ಯದ ಮೇಲೆ. ಹಾಗಾಗಿ ಇಲ್ಲಿಯವರೆಗೆ ಏನೇನು ಆಯಿತು, ಯಾಕೆ ಹಾಗೆ ಮಾಡಿದೆವು ಅಂತ ಬರೆದಿಡುತ್ತಿದ್ದೇನೆ.

ಹೊಸದಾಗಿ ಓದುವವರಿಗೆ ಕಥೆ ಹೇಳಿಬಿಡುತ್ತೇನೆ. ಮೈಸೂರಿನ ಹಳೇ ಹೆಂಚಿನ ಮನೆ. ಗಂಡ ಹೆಂಡತಿ ಇಬ್ಬರೇ. ಅವಳ ಒಡವೆ ಅಡ ಇಟ್ಟು ಕೊಂಡಿದ್ದ ಸೈಟನ್ನು ಅವನು ಅವಳಿಗೆ ಹೇಳದೆ ಮಾರಿದ್ದಾನೆ, ತಮ್ಮನ ಸಾಲ ತೀರಿಸೋಕೆ. ಅವಳಿಗೆ ಅದು ತಿಳಿದಿದೆ. ಅವಳಿಗೆ ತಿಳಿದಿದೆ ಅನ್ನೋದು ಅವನಿಗೆ ಗೊತ್ತಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿನಿಂದ ರಾತ್ರಿ ಊಟದವರೆಗೆ, ಅಷ್ಟೇ ಚಿತ್ರ. ಕೂಗಾಟ ಇಲ್ಲ, ತಟ್ಟೆ ಎಸೆಯೋದೂ ಇಲ್ಲ.

ಕಪ್ಪು-ಬಿಳುಪು ಯಾಕೆ ಅಂತ ತಂಡದಲ್ಲೇ ಪ್ರಶ್ನೆ ಬಂತು. ಬಣ್ಣದಲ್ಲಿ ಆ ಮನೆ ತುಂಬಾ ಚೆನ್ನಾಗಿದೆ. ಕೆಂಪು ಕಾವಿ ನೆಲ, ಹಸಿರು ಗೋಡೆ, ಹಿತ್ತಾಳೆ ಪಾತ್ರೆ. ಮೊದಲ ಟೆಸ್ಟ್ ನೋಡಿದಾಗ ಎಲ್ಲರೂ ಮನೆಯನ್ನೇ ಹೊಗಳಿದರು. ಮುಖಗಳ ಬಗ್ಗೆ ಯಾರೂ ಮಾತಾಡಲಿಲ್ಲ! ಅದೇ ಶಾಟಿನ ಬಣ್ಣ ತೆಗೆದು ತೋರಿಸಿದೆ. ಆಗ ಕಂಡದ್ದು ಇಬ್ಬರು ಮನುಷ್ಯರು ಮತ್ತು ಅವರ ನಡುವಿನ ಜಾಗ. ನಮ್ಮ ಕಥೆ ಇರುವುದು ಆ ಜಾಗದಲ್ಲಿ. ಅದಕ್ಕೇ 4:3 ಚೌಕಟ್ಟು ಇಟ್ಟುಕೊಂಡೆವು. ಅಗಲ ಕಡಿಮೆಯಾದಾಗ ಇಬ್ಬರೂ ಒಂದೇ ಫ್ರೇಮಿನಲ್ಲಿ ಇಕ್ಕಟ್ಟಾಗಿ ನಿಲ್ಲಬೇಕಾಗುತ್ತದೆ.

ಕೆಲಸ ಶುರು ಮಾಡುವ ಮೊದಲು ಎನ್. ಲಕ್ಷ್ಮೀನಾರಾಯಣ್ ಅವರ 1969ರ 'ಉಯ್ಯಾಲೆ'ಯನ್ನು ಎಲ್ಲರೂ ಒಟ್ಟಿಗೆ ನೋಡಿದೆವು. ಚದುರಂಗರ ಕಾದಂಬರಿ ಆಧರಿಸಿದ್ದು. ಪುಸ್ತಕದಲ್ಲೇ ಮುಳುಗಿದ ಪ್ರೊಫೆಸರ್ ಗಂಡನಾಗಿ ಅಶ್ವಥ್, ಒಂಟಿಯಾದ ಹೆಂಡತಿಯಾಗಿ ಕಲ್ಪನಾ, ಜೊತೆಗೆ ರಾಜ್‌ಕುಮಾರ್. ಗಂಡ ಕೆಟ್ಟವನಲ್ಲ, ಹೆಂಡತಿಯೂ ಅಲ್ಲ, ಆದರೂ ಮನೆ ಒಳಗೊಳಗೇ ಬಿರುಕು ಬಿಡುತ್ತದೆ. ಕನ್ನಡದಲ್ಲಿ ಇಂಥ ಚಿತ್ರ ಅಷ್ಟು ಹಿಂದೆಯೇ ಬಂದಿತ್ತು ಅನ್ನೋದು ನಮ್ಮ ತಂಡದ ಚಿಕ್ಕವರಿಗೆ ಗೊತ್ತೇ ಇರಲಿಲ್ಲ. ಇನ್ನೊಂದು ಕಡೆ 2021ರ ಇಂಗ್ಲಿಷ್ ಚಿತ್ರ 'ಮಾಲ್ಕಮ್ ಅಂಡ್ ಮರೀ'. ಒಂದೇ ಮನೆ, ಒಂದೇ ರಾತ್ರಿ, ಇಬ್ಬರೇ ಕಲಾವಿದರು, 35 ಎಂಎಂ ಕೊಡಕ್ ಕಪ್ಪು-ಬಿಳುಪು ಫಿಲ್ಮ್. ಅಲ್ಲಿ ಜೋಡಿ ಮಾತಾಡಿ ಮಾತಾಡಿ ಸುಸ್ತಾಗುತ್ತದೆ. ನನಗೆ ಬೇಕಾದದ್ದು ಮಾತೇ ಆಡದ ಜಗಳ. ನಮ್ಮ ಮನೆಗಳಲ್ಲಿ ಅದೇ ಜಾಸ್ತಿ, ಅಲ್ವಾ?

ಈಗ ಬಟ್ಟೆ ವಿಷಯ. ಇದಕ್ಕೆ ತುಂಬಾ ಹೊತ್ತು ಕೊಟ್ಟೆವು, ಕೊಟ್ಟದ್ದು ಸಾರ್ಥಕವಾಯಿತು. ಕೆಂಪು ಮತ್ತು ಹಸಿರು ಬಣ್ಣದಲ್ಲಿ ಎಷ್ಟು ಬೇರೆ ಕಂಡರೂ, ಎರಡೂ ಒಂದೇ ಹದದ ಗಾಢ ಇದ್ದರೆ ಕಪ್ಪು-ಬಿಳುಪಿನಲ್ಲಿ ಒಂದೇ ಬೂದು ಆಗುತ್ತವೆ. ಮರೂನ್ ಸೀರೆ ಉಟ್ಟು ಹಸಿರು ಗೋಡೆ ಮುಂದೆ ನಿಂತಾಗ ನಟಿಯ ಮುಖ, ಕೈ ಮಾತ್ರ ಉಳಿದವು. ಸೀರೆ ಗೋಡೆಯಲ್ಲಿ ಕರಗಿಹೋಯಿತು. ಇದನ್ನು ನೋಡಿದ ಮೇಲೆ ಇಬ್ಬರ ಬಟ್ಟೆಯನ್ನೂ ಬದಲಿಸಿದೆ. ಗಂಡನಿಗೆ ಗೋಡೆಗೆ ಹೊಂದುವ ಕಂದು ಅಂಗಿ. ಹೆಂಡತಿಗೆ ಸಾಸಿವೆ ಹಳದಿಯ ಕಾಟನ್ ಸೀರೆ, ಅದು ತಿಳಿ ಬೂದಾಗಿ ಎದ್ದು ಕಾಣುತ್ತದೆ. ವಿಷಯ ಮುಚ್ಚಿಟ್ಟವನು ಗೋಡೆಯೊಳಗೆ ಸೇರಿಕೊಂಡಿದ್ದಾನೆ. ಅವಳಿಗೆ ಅಡಗಲು ಎಲ್ಲೂ ಜಾಗವಿಲ್ಲ. ನೋಡುವವರು ಇದನ್ನು ಗುರುತಿಸಬೇಕಿಲ್ಲ, ಅವರ ಕಣ್ಣು ತಾನಾಗಿ ಅವಳ ಕಡೆ ಹೋದರೆ ಸಾಕು.

ಬೆಳಕಿಗೆ ಸತ್ಯಜಿತ್ ರೇ ಅವರ ಛಾಯಾಗ್ರಾಹಕ ಸುಬ್ರತ ಮಿತ್ರ ಅವರೇ ಗುರು. ರೇ ಅವರ 1956ರ ಚಿತ್ರ 'ಅಪರಾಜಿತೋ'ಗೆ ಕಾಶಿಯ ಮನೆಯನ್ನು ಸ್ಟುಡಿಯೋದಲ್ಲಿ ಕಟ್ಟಿ, ಮೇಲೆ ಬಿಳಿ ಬಟ್ಟೆ ಬಿಗಿದು, ದೀಪದ ಬೆಳಕು ಅದಕ್ಕೆ ತಾಗಿ ಕೆಳಗೆ ಮರಳುವಂತೆ ಮಾಡಿ ಅಂಗಳದ ಹಗಲು ಬೆಳಕು ತಂದರು. ನಮ್ಮ ಅಡುಗೆಮನೆಯಲ್ಲಿ ಒಂದು ಗಾಜಿನ ಹೆಂಚು ಇದೆ. ಅದರ ಕೆಳಗೆ ಬಿಳಿ ಪಂಚೆ ಕಟ್ಟಿ, ಒಂದೇ ಎಲ್‌ಇಡಿಯನ್ನು ಅದರತ್ತ ತಿರುಗಿಸಿದೆವು. ಒಲೆ ಹತ್ತಿರ ನಿಂತ ಹೆಂಡತಿಗೆ ಮೆತ್ತಗಿನ ಬೆಳಕು. ಬಾಗಿಲ ಬಳಿಯ ಗಂಡನಿಗೆ ಅರ್ಧ ಮುಖ. ಮನೆಯ ಟ್ಯೂಬ್‌ಲೈಟೂ ಉರಿಯುತ್ತಿದ್ದರಿಂದ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಟ್ಟೆವು. ನಮ್ಮ ಕರೆಂಟು 50 ಹರ್ಟ್ಜ್, ಅದಕ್ಕೆ ಇದು ಹೊಂದುತ್ತದೆ, ಮಿನುಗು ಬರೋದಿಲ್ಲ.

ದೃಶ್ಯದಲ್ಲಿ ಅವಳಿಗೆ ಇರುವುದು ಒಂದೇ ಮಾತು. "ಊಟಕ್ಕೆ ಬನ್ನಿ." ನಾಟಕದ ಅಭ್ಯಾಸ ಇರುವ ನಟಿ ಮೊದಲು ಅದರಲ್ಲಿ ಸಿಟ್ಟು ತುಂಬಿ ಹೇಳಿದರು. ಆಮೇಲೆ ಅಳು ಬೆರೆಸಿ. ಎರಡೂ ಚೆನ್ನಾಗಿದ್ದವು, ಆದರೆ ಅವಳಿಗೆ ವಿಷಯ ತಿಳಿದಿದೆ ಅಂತ ಗಂಡನಿಗೆ ಗೊತ್ತಾಗಿಬಿಡುತ್ತಿತ್ತು. ಕೊನೆಗೆ ನಾನು ಕೇಳಿದ್ದು ಇಷ್ಟು: ಮಾತನ್ನು ದಿನಾ ಹೇಳುವ ಹಾಗೇ ಹೇಳಿ, ಹುಳಿಯ ಪಾತ್ರೆ ಇಳಿಸುವಾಗ ಮಾತ್ರ ಒಂದು ಕ್ಷಣ ಜಾಸ್ತಿ ಹಿಡಿದುಕೊಳ್ಳಿ. ಅವರು ಇಕ್ಕಳ ಬಿಗಿಯಾಗಿ ಹಿಡಿದು ನಿಂತ ಆ ಕ್ಷಣಕ್ಕೆ ಕ್ಯಾಮೆರಾ ಹಿಂದಿದ್ದವರೆಲ್ಲ ಉಸಿರು ಬಿಗಿ ಹಿಡಿದಿದ್ದೆವು. ಅದೇ ಟೇಕ್ ಇಟ್ಟಿದ್ದೇನೆ.

ಶೂಟ್ ಮಾಡುವಾಗ ಮಾನಿಟರ್ ಮಾತ್ರ ಕಪ್ಪು-ಬಿಳುಪು. ರೆಕಾರ್ಡ್ ಆಗುವುದು ಬಣ್ಣದಲ್ಲೇ. ಬಣ್ಣ ತಿದ್ದುವ ಸಾಫ್ಟ್‌ವೇರ್ ಡವಿಂಚಿ ರಿಸಾಲ್ವ್‌ನ ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಮಿಕ್ಸರ್‌ನಲ್ಲಿ ಮೊನೊಕ್ರೋಮ್ ಆರಿಸಿದರೆ ಯಾವ ಬಣ್ಣದಿಂದ ಎಷ್ಟು ಬೂದು ಬರಬೇಕು ಅಂತ ಹೇಳಬಹುದು. ಕೆಂಪು ಹೆಚ್ಚಿಸಿದರೆ ನಮ್ಮ ಕಂದು ಚರ್ಮ ತಿಳಿಯಾಗಿ ನುಣುಪಾಗುತ್ತದೆ. ಹಸಿರು, ನೀಲಿ ಹೆಚ್ಚಿಸಿದರೆ ಗೆರೆ, ಕಣ್ಣಡಿಯ ಕಪ್ಪು ಎಲ್ಲ ಎದ್ದು ಬರುತ್ತವೆ. ಹೆಂಡತಿಯ ಕ್ಲೋಸಪ್‌ಗೆ ಹಸಿರನ್ನೇ ಆರಿಸಿದೆ. ಅವಳ ಮುಖ ಚೆಂದ ಕಾಣುವುದಕ್ಕಿಂತ ದಣಿದದ್ದು ಕಾಣಲಿ. ನೀಲಿಯಲ್ಲಿ ನಾಯ್ಸ್ (ಚಿತ್ರದಲ್ಲಿ ಕಾಣುವ ಚುಕ್ಕೆ ಚುಕ್ಕೆ) ಜಾಸ್ತಿ, ಅದನ್ನು ಮುಟ್ಟಲಿಲ್ಲ. ಇಬ್ಬರೂ ಇರುವ ಶಾಟ್‌ಗಳಲ್ಲಿ ಮಿಕ್ಸರ್ ಬದಲಿಸುವ ಹಾಗಿಲ್ಲ. ಕೆಂಪು ಏರಿಸಿದರೆ ಕಂದು ಅಂಗಿ ತಿಳಿಯಾಗಿ ಗೋಡೆಯಿಂದ ಹೊರಗೆ ಬಂದುಬಿಡುತ್ತದೆ.

ಧ್ವನಿ ಸ್ಥಳದಲ್ಲೇ ಹಿಡಿದೆವು. ಫ್ರಿಜ್ ಆಫ್ ಮಾಡಿ ಬೈಕ್ ಕೀ ಅದರೊಳಗೇ ಇಟ್ಟಿದ್ದೆವು, ಮನೆಗೆ ಹೊರಡುವಾಗ ಮತ್ತೆ ಆನ್ ಮಾಡುವುದು ನೆನಪಾಗಲಿ ಅಂತ. ಖಾಲಿ ಅಡುಗೆಮನೆಯ ಸದ್ದನ್ನೂ ಬೇರೆಯಾಗಿ ರೆಕಾರ್ಡ್ ಮಾಡಿಟ್ಟಿದ್ದೇನೆ, ಎಡಿಟಿಂಗ್‌ನಲ್ಲಿ ಎರಡು ಶಾಟ್ ನಡುವೆ ಅದು ಬೇಕೇ ಬೇಕು.

ಮುಂದಿನ ವಾರ ಜಗಲಿಯ ದೃಶ್ಯ. ಸೈಟು ಕೊಂಡವನು ಕಾಗದಕ್ಕೆ ಸಹಿ ಬೇಕು ಅಂತ ಬಾಗಿಲಿಗೆ ಬರುತ್ತಾನೆ, ಬಾಗಿಲು ತೆಗೆಯುವುದು ಅವಳು. ಮೋಡ ಇದ್ದರೆ ಐದು ಗಂಟೆಗೇ ಶುರು ಮಾಡುತ್ತೇವೆ. ಬಿಸಿಲಿದ್ದರೆ ಎದುರು ಮನೆಯ ನೆರಳು ಜಗಲಿ ತುಂಬುವವರೆಗೆ ಕಾಯಬೇಕು. ಆ ಪಾತ್ರಕ್ಕೆ ಐವತ್ತರ ಆಸುಪಾಸಿನ, ಮೆಲ್ಲಗೆ ಮಾತಾಡುವ ಒಬ್ಬರು ಇನ್ನೂ ಸಿಕ್ಕಿಲ್ಲ. ಮೈಸೂರಿನ ಕಡೆ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.